ಬಾಣಲೆಯ ಎರಡು ಕಿವಿ

ಐರ್ಲೆಂಡಿಗೆ ನಾನು ಇವತ್ತಿಗೂ ಹೋಗಿಲ್ಲ. ಆದರೆ ಅಲ್ಲಿನ ಹಳೇ ಸರ್ಕಾರಿ ಗುಮಾಸ್ತರ ಕೈಬರಹ ಓದುವುದರಲ್ಲಿ ಜರ್ಮನಿಯ ಇಡೀ ಹ್ಯಾನೋವರಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಇಲ್ಲಿನ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ನನ್ನದು ಅರ್ಧ ದಿನದ ಕೆಲಸ. ಇಪ್ಪತ್ತನೆಯ ಶತಮಾನದ ಐರಿಷ್ ಸರ್ಕಾರದ ಕಡತಗಳಲ್ಲಿ ಹೆಂಗಸರ ಬದುಕು ಎಲ್ಲೆಲ್ಲಿ ಇಣುಕುತ್ತದೋ ಅದನ್ನೆಲ್ಲ ಸ್ಕ್ಯಾನ್ ಪ್ರತಿಗಳಿಂದ ಓದಿ ಕಂಪ್ಯೂಟರಿಗೆ ಏರಿಸಬೇಕು. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ್ದು ಅಂತೂ ಒಂದು ಕೆಲಸಕ್ಕೆ ಬಂತು.

ಆ ವಾರ ನನ್ನ ಮುಂದೆ ಬಂದದ್ದು ಜ್ಯೂರಿಗೆ, ಅಂದರೆ ಮೊಕದ್ದಮೆ ಕೇಳಿ ತೀರ್ಪು ಹೇಳಲು ಕೂರಿಸುವ ಸಾಮಾನ್ಯ ಜನರ ಗುಂಪಿಗೆ, ಸಂಬಂಧಿಸಿದ ಕಾಗದಗಳು. ಅಲ್ಲಿ ಬಹಳ ವರ್ಷಗಳ ಕಾಲ ಒಂದು ನಿಯಮವಿತ್ತು. ಜ್ಯೂರಿಯ ಪಟ್ಟಿಗೆ ಗಂಡಸರ ಹೆಸರು ತಾನಾಗಿಯೇ ಸೇರುತ್ತಿತ್ತು. ಹೆಂಗಸು ಮಾತ್ರ ತಾನೇ ಅರ್ಜಿ ಹಾಕಿ ಸೇರಿಸಿ ಎಂದು ಕೇಳಬೇಕು. ಅವಳು ಕೋರ್ಟಿನಲ್ಲಿ ಕೂತರೆ ಮನೆಯಲ್ಲಿ ಬೇಯಿಸಿ ಹಾಕುವವರು ಯಾರು ಎನ್ನುವುದು ದೊಡ್ಡವರ ಚಿಂತೆ. ಕೇಳಿಕೊಂಡು ಹೋದ ಕೆಲವರನ್ನೂ ವಕೀಲರು ಪಕ್ಕಕ್ಕೆ ನಿಲ್ಲಿ ಎಂದು ಸರಿಸಿಬಿಡುತ್ತಿದ್ದರು. ಅಂಥವಳೊಬ್ಬಳ ಕಥೆ ಆ ಕಾಗದಗಳಲ್ಲಿತ್ತು. ಕರೆ ಬಂದಾಗಲೆಲ್ಲ ಹೋಗಿದ್ದಾಳೆ, ಹೋದಾಗಲೆಲ್ಲ ವಾಪಸ್ ಬಂದಿದ್ದಾಳೆ. ಒಮ್ಮೆಯೂ ಕೂರಲು ಬಿಟ್ಟಿಲ್ಲ. ಹಾಗಂತ ಅವಳು ತನ್ನ ಹೆಸರು ತೆಗೆಸಿಯೂ ಇಲ್ಲ. ಓದುತ್ತ ಓದುತ್ತ ನನ್ನ ಪಿತ್ತ ನೆತ್ತಿಗೇರಿತು.

ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೂ ಇತ್ತು. ಜರ್ಮನಿಯ ಕೋರ್ಟುಗಳಲ್ಲಿ ಕಾನೂನು ಓದದ ಸಾಮಾನ್ಯ ನಾಗರಿಕರನ್ನೂ ನ್ಯಾಯಾಧೀಶರ ಅಕ್ಕಪಕ್ಕ ಕೂರಿಸುತ್ತಾರೆ. ಹೆಂಗಸಾದರೆ ಶೋಫಿನ್ ಅನ್ನುತ್ತಾರೆ. ತೀರ್ಪಿನಲ್ಲಿ ಅವರ ಮತಕ್ಕೂ ನ್ಯಾಯಾಧೀಶರ ಮತದಷ್ಟೇ ತೂಕ. ಆಸಕ್ತರು ಅರ್ಜಿ ಹಾಕಿ ಎಂದು ನಗರಸಭೆಯಿಂದ ಬಂದಿದ್ದ ಕಾಗದವನ್ನು ನಾನು ಹಿಂದಿನ ವಾರವಷ್ಟೇ ರದ್ದಿ ಡಬ್ಬಿಗೆ ಹಾಕಿದ್ದೆ. ಇಲ್ಲಿನ ಪಾಸ್‌ಪೋರ್ಟ್ ಸಿಕ್ಕಿದ್ದರೇನು, ನನ್ನ ಜರ್ಮನ್ ಈಗಲೂ ಬೇಕರಿಯವಳ ಮುಂದೆಯೇ ತಡವರಿಸುತ್ತದೆ. ಕೋರ್ಟಿನಲ್ಲಿ ಬಾಯಿ ಬಿಡುವುದು ಯಾರಿಂದಾಗುತ್ತದೆ ಎಂದುಕೊಂಡಿದ್ದೆ. ಆ ಸಂಜೆ ಮನೆಗೆ ಬಂದವಳೇ ಡಬ್ಬಿ ತಡಕಿ ಕಾಗದ ಹೊರಗೆಳೆದೆ.

ನನ್ನ ಗಂಡ ಕಾರು ಕಂಪನಿಯ ಎಂಜಿನಿಯರು, ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ಕಾಗದ ನೋಡಿ ಅವರ ಮೊದಲ ಮಾತು ಇದು: "ಅಲ್ಲಾ, ನೀ ಕೋರ್ಟಿನ್ಯಾಗ ಹೋಗಿ ಕುಂತರ ಮಧ್ಯಾಹ್ನ ಊಟದ್ದು ಹ್ಯಾಂಗ?"

"ಐರ್ಲೆಂಡಿನ ಸಾಹೇಬ್ರು ನಮ್ಮನ್ಯಾಗ ಅದಾರಂತ ನನಗ ಗೊತ್ತಿರಲಿಲ್ರಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಕಡತದ ಕಥೆ ಹೇಳಬೇಕಾಯಿತು. ಮಗಳು ಫೋನಿನಿಂದ ತಲೆಯೆತ್ತಿ, "ಪಪ್ಪಾ, ಡಾಸ್ ಗೇಟ್ ಗಾರ್ ನಿಷ್ಟ್" ಎಂದಳು. ಹಾಗೆಲ್ಲ ನಡೆಯೋದಿಲ್ಲ ಎಂದು ಅಪ್ಪನಿಗೆ ಜರ್ಮನ್ನಿನಲ್ಲಿ ತಾಕೀತು.

ಮುಂದೆ ಕೆಲವು ತಿಂಗಳಲ್ಲಿ ನಾನು ಆಯ್ಕೆಯಾದೆ. ಪ್ರಮಾಣವಚನ ಮುಗಿಸಿ ಮೊದಲ ಮೊಕದ್ದಮೆಗೆ ಕೂತೆ. ನಡುವೆ ನ್ಯಾಯಾಧೀಶರು, ಬಲಕ್ಕೆ ನಾನು, ಎಡಕ್ಕೆ ನನ್ನಂಥ ಇನ್ನೊಬ್ಬ ನಾಗರಿಕರು.

ಆರೋಪಿ ಒಬ್ಬ ಹೆಣ್ಣುಮಗಳು. ಯಾವ ದೇಶದವಳು ಎಂದು ಹೇಳುವುದಿಲ್ಲ, ನಮ್ಮವಳಲ್ಲ. ಅಡುಗೆಮನೆಯಲ್ಲಿ ಕರಿಯುತ್ತಿದ್ದಾಗ ಮೈದುನನ ಮೇಲೆ ಕಾದ ಎಣ್ಣೆ ಎಸೆದಳು ಎಂದು ಆರೋಪ. ಅವನ ತೋಳು, ಎದೆ ಬೆಂದದ್ದು ನಿಜ. ಎಡಗೈಯಲ್ಲಿ ಫೋನ್ ಹಿಡಿದಿದ್ದಳು, ಬಲಗೈಯಿಂದ ಒಲೆಯ ಮೇಲಿದ್ದದ್ದನ್ನು ಎತ್ತಿ ಬೀಸಿದಳು ಎಂದು ಅವನು ಸಾಕ್ಷಿ ನುಡಿದ. ಜಗಳದಲ್ಲಿ ಅವನೇ ತನ್ನ ಭುಜ ಹಿಡಿದು ಎಳೆದ, ಮೊಣಕೈ ತಾಗಿ ಎಣ್ಣೆ ಚೆಲ್ಲಿತು ಎಂದು ಅವಳ ಮಾತು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಅವನ ಮಾತು ನಿಂತರೆ ಅವಳು ಜೈಲಿಗೆ, ಮನೆಯಲ್ಲಿ ಸಣ್ಣ ಕೂಸು. ಅವಳು ತಲೆ ತಗ್ಗಿಸಿ ಕೂತಿದ್ದಳು.

ಪೊಲೀಸರು ತೆಗೆದ ಫೋಟೋಗಳನ್ನು ನೋಡಲು ವಕೀಲರೂ ಆರೋಪಿಯೂ ನ್ಯಾಯಾಧೀಶರ ಮೇಜಿನ ಹತ್ತಿರ ಬಂದರು, ಮೈದುನ ಮಾತ್ರ ಸಾಕ್ಷಿಯ ಜಾಗದಲ್ಲೇ ಇದ್ದ. ಅಲ್ಲಿಯವರೆಗೆ ನನ್ನ ತಲೆಯಲ್ಲೂ ಇದ್ದದ್ದು ಈ ಊರಿನ ಅಡುಗೆಮನೆಗಳಲ್ಲಿರುವ ಉದ್ದ ಹಿಡಿಯ ಕಾವಲಿಯೇ. ಫೋಟೋದಲ್ಲಿ ನೆಲದ ಮೇಲೆ ಮಗುಚಿ ಬಿದ್ದಿದ್ದುದು ನಮ್ಮ ಮನೆಗಳಲ್ಲಿರುವಂಥ ಕಬ್ಬಿಣದ ಬಾಣಲೆ. ಹಿಡಿ ಇಲ್ಲ, ಅಕ್ಕಪಕ್ಕ ಎರಡು ಕಿವಿ ಅಷ್ಟೆ.

ಕಾದ ಬಾಣಲೆಯ ಕಿವಿಯನ್ನು ಬರಿಗೈಯಲ್ಲಿ ಮುಟ್ಟಿ ನೋಡಿದವರಿಗೆ ಗೊತ್ತು. ಎಣ್ಣೆ ತುಂಬಿದ ಅದನ್ನು ಎತ್ತಬೇಕಾದರೆ ಎರಡೂ ಕೈ ಬೇಕು, ಎರಡರಲ್ಲೂ ಮಸಿಬಟ್ಟೆ ಬೇಕು, ಇಲ್ಲವೆಂದರೆ ಇಕ್ಕಳ ಬೇಕು. ವೈದ್ಯರ ವರದಿಯನ್ನು ಕೋರ್ಟಿನಲ್ಲಿ ಆಗಲೇ ಓದಿದ್ದರು. ಅವಳ ಪಾದದ ಮೇಲೆ ಎಣ್ಣೆ ಸಿಡಿದ ಗಾಯಗಳಿದ್ದವು, ಅಂಗೈಯಲ್ಲಿ ಏನೂ ಇರಲಿಲ್ಲ.

ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತರು. ಇನ್ನೇನಾದರೂ ಪ್ರಶ್ನೆ ಇದೆಯೇ ಎಂದು ನ್ಯಾಯಾಧೀಶರು ಕೇಳಿದರು. ವಕೀಲರು ಇಲ್ಲ ಎಂದರು. ತಪ್ಪು ಜರ್ಮನ್ ಆಡಿ ಇಷ್ಟು ಜನರ ಮುಂದೆ ನಗೆಪಾಟಲಾದರೆ? ಆಗ ಆ ಕಡತದವಳು ನೆನಪಾದಳು. ಪಕ್ಕಕ್ಕೆ ನಿಲ್ಲು ಎಂದು ನನಗೆ ಇಲ್ಲಿ ಯಾರೂ ಹೇಳಿಲ್ಲ. ನಾನಾಗಿಯೇ ಸರಿದು ನಿಂತರೆ ಅವಳಿಗೆ ಯಾವ ಮುಖ ತೋರಿಸಲಿ? ಕೈ ಎತ್ತಿದೆ.

"ಅವರು ಅದನ್ನು ಒಂದೇ ಕೈಯಲ್ಲಿ ಎತ್ತಿದರೇ?" ಎಂದು ಮೈದುನನನ್ನು ಕೇಳಿದೆ.

"ಹೌದು. ಇನ್ನೊಂದು ಕೈಯಲ್ಲಿ ಫೋನಿತ್ತು ಅಂದೆನಲ್ಲ."

"ಆ ಕೈಯಲ್ಲಿ ಬಟ್ಟೆ ಇತ್ತೇ?"

"ಇಲ್ಲ. ಬರಿಗೈ."

"ಎಲ್ಲಿ ಹಿಡಿದಿದ್ದರು?"

"ಹಿಡಿಯಲ್ಲಿ."

"ಫೋಟೋದಲ್ಲಿ ಹಿಡಿ ಎಲ್ಲಿದೆ, ಸ್ವಲ್ಪ ತೋರಿಸುತ್ತೀರಾ?"

ನ್ಯಾಯಾಧೀಶರು ಅವನನ್ನು ಮೇಜಿನ ಹತ್ತಿರ ಕರೆದರು. ಅವನು ಫೋಟೋ ನೋಡಿದ. ಬಟ್ಟೆ ಇದ್ದಿರಬಹುದು ಎಂದ. ಹಾಗಾದರೆ ಫೋನ್ ಎಂದು ನ್ಯಾಯಾಧೀಶರು ಕೇಳಿದಾಗ, ಫೋನ್ ಕೆಳಗಿಟ್ಟಿರಬಹುದು ಎಂದ. ಕೊನೆಗೆ, ಎತ್ತಿದ್ದನ್ನು ತಾನು ಸರಿಯಾಗಿ ನೋಡಲಿಲ್ಲ ಎಂದ. ಅಷ್ಟು ಹೊತ್ತಿಗೆ ಸರ್ಕಾರಿ ವಕೀಲರ ಪೆನ್ನು ನಿಂತಿತ್ತು.

ಆಮೇಲೆ ನಾವು ಮೂವರೂ ಒಳಗೆ ಹೋಗಿ ಚರ್ಚಿಸಿದೆವು. ಒಳಗಿನ ಮಾತು ಹೊರಗೆ ಹೇಳುವಂತಿಲ್ಲ. ಗಂಡನಿಗೇ ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ಹೊರಗೆ ಎಲ್ಲರ ಮುಂದೆ ನ್ಯಾಯಾಧೀಶರು ಓದಿದ್ದನ್ನು ಹೇಳಬಹುದು: ಆರೋಪಿ ಖುಲಾಸೆ. ಕಾರಣ ಕೊಡುವಾಗ ಅವರು ಶೋಫಿನ್ ಕೇಳಿದ ಪ್ರಶ್ನೆಗಳ ಪ್ರಸ್ತಾಪ ಮಾಡಿದರು. ಆ ಹೆಣ್ಣುಮಗಳು ಮೊದಲ ಸಲ ತಲೆಯೆತ್ತಿ ನನ್ನ ಕಡೆ ನೋಡಿದಳು.

ವಾಪಸ್ ಬರುವಾಗ ಟ್ರಾಮಿನಲ್ಲಿ ಒಬ್ಬಳೇ ನಗುತ್ತ ಕೂತಿದ್ದೆ. ಎದುರಿಗಿದ್ದ ಅಜ್ಜಿ ತನ್ನ ಚೀಲ ಹತ್ತಿರಕ್ಕೆ ಎಳೆದುಕೊಂಡಳು. ಎಳೆದುಕೊಳ್ಳಲಿ. ಅಡುಗೆಮನೆ ಬಿಟ್ಟು ಬರಬೇಡಿ ಎಂದು ಹೆಂಗಸರನ್ನು ಕೋರ್ಟಿನ ಬಾಗಿಲಿಂದ ಅಟ್ಟಿದರಲ್ಲ, ಆ ಅಡುಗೆಮನೆಯನ್ನೇ ಕೋರ್ಟಿಗೆ ಹೊತ್ತು ತಂದು ಗೆದ್ದು ಬಂದಿದ್ದೆ. ನನಗೆ ಅಷ್ಟು ಖುಷಿಯಾದದ್ದು ಮಗಳು ಹುಟ್ಟಿದ ದಿನ ಬಿಟ್ಟರೆ ಅವತ್ತೇ.

ಮನೆಯಲ್ಲಿ ಗಂಡ ಉಪ್ಪಿಟ್ಟು ಮಾಡಿಟ್ಟಿದ್ದರು. ತಳ ಹತ್ತಿತ್ತು, ಉಪ್ಪು ಕಡಿಮೆ. ಫೋನಿನಲ್ಲಿ ಧಾರವಾಡದ ಅವರ ಅಕ್ಕನಿಗೆ, "ನಮ್ಮಾಕಿ ಇಲ್ಲಿ ಜಡ್ಜ್ ಆಗ್ಯಾಳ" ಎಂದು ಹೇಳುತ್ತಿದ್ದರು. ನಾನು ತಿದ್ದಲಿಕ್ಕೆ ಹೋಗಲಿಲ್ಲ. ಎರಡು ತಟ್ಟೆ ಉಪ್ಪಿಟ್ಟು ತಿಂದೆ.

ಮರುದಿನ ಕೆಲಸಕ್ಕೆ ಹೋದವಳು ಜ್ಯೂರಿಯ ಆ ಹಾಳೆಗಳನ್ನು ಮತ್ತೆ ತೆರೆದೆ. ಆ ಐರಿಷ್ ಹೆಂಗಸಿನ ಹೆಸರು ಪರದೆಯ ಮೇಲೆ ಬಂತು. ಸುತ್ತ ಯಾರಿದ್ದಾರೆಂದೂ ನೋಡದೆ, "ಕುಂತು ಬಂದೆ ನೋಡವಾ" ಎಂದೆ, "ನಿನ್ನ ಪಾಲಿಂದೂ ಕುಂತು ಬಂದೆ."

ಪಕ್ಕದ ಮೇಜಿನ ಜರ್ಮನ್ ಹುಡುಗಿ ಕತ್ತು ಹೊರಳಿಸಿ, ಯಾರ ಜೊತೆ ಮಾತಾಡುತ್ತಿದ್ದೀರಿ ಎಂದು ಕೇಳಿದಳು.

"ಕೋರ್ಟಿನಲ್ಲಿ ನನ್ನ ಜೊತೆ ಕೂರುವವಳು" ಎಂದೆ.