ಹರಕೆಯ ಮಾಲಿದಾ

ಬಟವಾಡಿಯ ನಮ್ಮ ಪ್ರೈಮರಿ ಶಾಲೆಯಲ್ಲಿ 'ನಮ್ಮ ಮನೆ ಪದ್ಧತಿ' ಅಂತ ಒಂದು ಪಿರಿಯಡ್ ಶುರು ಮಾಡಿಸಿದವಳು ನಾನೇ. ವಾರಕ್ಕೊಂದು ಮನೆಯವರು ಬಂದು ತಮ್ಮ ಹಬ್ಬವನ್ನೋ ಅಡುಗೆಯನ್ನೋ ನನ್ನ ಮೂರನೇ ಕ್ಲಾಸಿನ ಮಕ್ಕಳಿಗೆ ಪರಿಚಯಿಸಬೇಕು. ಹೋಳಿಗೆ, ಕಡುಬು, ಶೀರ್ ಕುರ್ಮಾ ಎಲ್ಲ ಆಗಿತ್ತು. ಆ ವಾರದ ಸರದಿ ಕ್ಲಾಸಿನ ಒಬ್ಬಳೇ ಯೆಹೂದಿ ಹುಡುಗಿಯದು. ಅವಳ ಅಪ್ಪನಿಗೆ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ. ಅಜ್ಜಿ ಬೆಳಗಾವಿ ಕಡೆಯವರು. ಹುಡುಗಿಗೆ ಡೆಂಗ್ಯೂ ಜೋರಾಗಿದ್ದಾಗ ಅಜ್ಜಿ ಹರಕೆ ಹೊತ್ತಿದ್ದರು: ವಾಸಿಯಾದರೆ ಮಾಲಿದಾ ಮಾಡಿ ಹಂಚುತ್ತೇನೆ ಅಂತ. ಹಂಚುವುದಿದ್ದರೆ ನಮ್ಮ ಕ್ಲಾಸಲ್ಲೇ ಹಂಚಿ ಎಂದು ಕರೆದವಳೂ ನಾನೇ.

ಬೆಳಿಗ್ಗೆ ಹುಡುಗಿ ಸ್ಟಾಫ್ ರೂಮಿಗೆ ಬಂದು ಡಬ್ಬಿಯನ್ನು ನನ್ನ ಕೈಗಿತ್ತಳು. ಅಜ್ಜಿ ಹತ್ತು ಗಂಟೆಗೆ ಬರುವವರಿದ್ದರು. ಮುಚ್ಚಳ ತೆಗೆದೆ. ನೆನೆಸಿದ ಅವಲಕ್ಕಿ, ಸಕ್ಕರೆ, ಏಲಕ್ಕಿ, ಕೈತುಂಬ ಕಾಯಿತುರಿ. ಗುಬ್ಬಿಯಲ್ಲಿ ಹುಟ್ಟಿ ಬೆಳೆದ ನನಗೆ ಇದೇನು ಹೊಸದೇ? ಹರಕೆಯದು ಅಂದಮೇಲೆ ಮೊದಲು ದೇವರಿಗಿಡಬೇಡವೇ? ಗೋಡೆಯ ಗಣಪತಿ ಫೋಟೋದ ಮುಂದೆ ಡಬ್ಬಿ ಇಟ್ಟು, ಊದುಬತ್ತಿ ಹಚ್ಚಿ, ಭಕ್ತಿಯಿಂದಲೇ ನೈವೇದ್ಯ ಮಾಡಿದೆ.

"ಮಿಸ್, ಅದು..." ಅಂದಳು ಬಾಗಿಲಲ್ಲೇ ನಿಂತಿದ್ದ ಹುಡುಗಿ.

"ಶ್! ಪೂಜೆ ಮಾಡೋವಾಗ ಬಾಯಿ ಹಾಕ್ಬಾರ್ದು ಕಣೇ. ಕೈ ಮುಗಿ."

ಅವಳು ಮುಗಿಯಲಿಲ್ಲ, ತಲೆ ತಗ್ಗಿಸಿದಳು. ನಾಚಿಕೆ ಇರಬೇಕು ಅಂದುಕೊಂಡು ಕ್ಲಾಸಿಗೆ ಕಳಿಸಿದೆ.

ಅಜ್ಜಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಕ್ಲಾಸಿನಲ್ಲಿ ನನ್ನ ಮೇಜಿನ ಮೇಲೆ ದೊಡ್ಡ ತಟ್ಟೆಗೆ ಡಬ್ಬಿಯ ಮಾಲಿದಾ ಸುರಿದು, ಸುತ್ತ ಹಣ್ಣು ಜೋಡಿಸಿ, ತಲೆಗೆ ಸೆರಗೆಳೆದುಕೊಂಡರು. ಕುಣಿಗಲ್‌ನಿಂದ ಬಂದು ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಅಜ್ಜಿ, ನಿಮ್ ದೇವ್ರ ಫೋಟೋ ಎಲ್ಲೈತೆ?" ಅಂತ ಕೇಳಿದಳು.

"ನಮ್ಮ ದೇವರಿಗೆ ಫೋಟೋ ಇಲ್ಲವ್ವಾ, ಮೂರ್ತಿನೂ ಇಲ್ಲ," ಅಜ್ಜಿ ನಕ್ಕರು. "ಮೂರ್ತಿ ಮುಂದ ಇಟ್ಟಿದ್ದನ್ನ ನಾವು ತಿನ್ನಂಗಿಲ್ಲ. ನಿಮಗ ಅದು ಪ್ರಸಾದ, ಖರೆ. ನಮಗ ನಡಿಯಂಗಿಲ್ಲ."

ನಾನು ಗಣಪತಿಯ ಮುಂದಿಟ್ಟಿದ್ದು ಇದೇ ಮಾಲಿದಾ. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಹೀಬ್ರೂ ಪ್ರಾರ್ಥನೆ ಶುರು ಮಾಡಿಯೇಬಿಟ್ಟರು. ಅದು ಮುಗಿದರೆ ಮೊದಲ ತುತ್ತು ಮೊಮ್ಮಗಳಿಗೆ. ನಾನು ಸುಮ್ಮನಿದ್ದರೆ ಅವಳನ್ನು ಬಿಟ್ಟು ಯಾರಿಗೂ ತಿಳಿಯುವುದಿಲ್ಲ. ದೇವರೆಲ್ಲ ಒಂದೇ ತಾನೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಮ್ಮತ್ತೆಗೆ ಯಾರಾದರೂ ಮೊಟ್ಟೆ ಹಾಕಿದ ಕೇಕ್ ತಿನ್ನಿಸಿ, ಎಲ್ಲ ಒಂದೇ ಬಿಡಿ ಅಂದಿದ್ದರೆ ನಾನೇ ರಣರಂಪ ಮಾಡುತ್ತಿದ್ದೆ. ಮೂವತ್ತೆರಡು ಮಕ್ಕಳ ಮುಂದೆ ಟೀಚರಾದವಳು ತಪ್ಪೊಪ್ಪಿಕೊಳ್ಳುವುದಾದರೂ ಹೇಗೆ?

ಪ್ರಾರ್ಥನೆ ನಿಂತಿತು. ಅಜ್ಜಿ ತುತ್ತು ಎತ್ತಿದರು. ಹುಡುಗಿ ನನ್ನನ್ನೇ ನೋಡುತ್ತ ಬಾಯಿ ತೆರೆದಳು.

"ಬೇಡ! ತಿನ್ನಿಸ್ಬೇಡಿ!" ಕಿರುಚಿಯೇಬಿಟ್ಟೆ.

ಅಜ್ಜಿಯ ಕೈ ಅಲ್ಲೇ ನಿಂತಿತು. ಗಣಪತಿಗೆ ನೈವೇದ್ಯ ಮಾಡಿದ್ದನ್ನು, ಅದೂ ಈ ಹುಡುಗಿಯ ಕಣ್ಣೆದುರೇ ಮಾಡಿದ್ದನ್ನು ತೊದಲುತ್ತ ಹೇಳಿದೆ. ತಪ್ಪಾಯಿತು ಅಂದೆ. ಅಜ್ಜಿ ತುತ್ತನ್ನು ತಟ್ಟೆಗಿಳಿಸಿದರು.

"ಹರಕಿ ಎಲ್ಲೂ ಓಡಿ ಹೋಗಂಗಿಲ್ಲ. ನಾಳೆ ಮತ್ತ ಮಾಡ್ತೀನಿ. ಇದನ್ನ ಉಳಿದ ಮಕ್ಕಳು ತಿನ್ನಲಿ." ಅವರು ನನ್ನನ್ನು ಬಯ್ಯಲಿಲ್ಲ. ಮೊಮ್ಮಗಳ ಕಡೆ ತಿರುಗಿದರು. "ನಿನಗ ಗೊತ್ತಿತ್ತಲ್ಲಾ? ಗೊತ್ತಿದ್ದೂ ಬಾಯಿ ತೆರದಿ?"

"ಹೇಳಿದ್ರೆ ಮಿಸ್ ಬೈತಾರೆ," ಅಂದಳು ಅವಳು. "ಅದಕ್ಕೇ ತಿಂದ್ಬಿಡ್ತಿದ್ದೆ ಅಜ್ಜಿ."

ಎಂಟು ವರ್ಷದ ಮಗು ತನ್ನ ದೇವರಿಗಿಂತ ನನಗೆ ಹೆಚ್ಚು ಹೆದರಿತ್ತು. ಕ್ಲಾಸಿನ ಕಡೆ ತಿರುಗಿ, ಆದಷ್ಟು ಮೆತ್ತಗೆ ಕೇಳಿದೆ: "ನನ್ ಕಂಡ್ರೆ ಭಯ ಪಡೋರು ಯಾರ್ ಯಾರಿದೀರ? ಕೈ ಎತ್ತಿ. ಏನೂ ಅನ್ನಲ್ಲ."

ಎಲ್ಲರೂ ಕೈಕಟ್ಟಿ ನೆಟ್ಟಗೆ ಕೂತಿದ್ದರು. ಒಂದು ಕೈಯೂ ಮೇಲೇಳಲಿಲ್ಲ.