ತಾತನಿಗಿಟ್ಟ ಪಾಯಸ

ಮೊದಲು ಕಂಡದ್ದು ಒಂದು ಕಪ್ಪು ಚುಕ್ಕೆ. ಅವ್ವನ ಬಲಗಾಲಿನ ಕಿರುಬೆರಳಲ್ಲಿ. ಚಪ್ಪಲಿ ಕಚ್ಚಿರಬೇಕು ಎಂದಳು. ನೋವಿರಲಿಲ್ಲ, ಹಾಗಾಗಿ ಯಾರೂ ಹೆದರಲಿಲ್ಲ. ಶುಗರ್ ಇರುವವರ ಕಾಲಿನಲ್ಲಿ ಹೆದರಬೇಕಾದದ್ದು ನೋವಿಲ್ಲದ ಗಾಯಕ್ಕೇ ಎಂಬುದು ನಮಗೆ ತಿಳಿದದ್ದು ರಾಮನಗರದ ಆಸ್ಪತ್ರೆಯಲ್ಲಿ.

ಬೆರಳು ತೆಗೆದರು.

ಅಪ್ಪ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಅವ್ವ ನಮ್ಮೆದುರು ಅತ್ತದ್ದು ಕಡಿಮೆ. ನಾನೂ ಹೆಂಡತಿ ಸವಿತಾಳೂ ಬೆಳಿಗ್ಗೆ ನಮ್ಮೂರು ಕಲ್ಯದಿಂದ ಕೆಲಸಕ್ಕೆ ಬಸ್ಸು ಹಿಡಿದರೆ ಮನೆ ಸೇರುವುದು ಕತ್ತಲಾದ ಮೇಲೆ. ಅಲ್ಲಿಯವರೆಗೆ ಅವ್ವನ ಜೊತೆಗಿರುವವಳು ಮೂರನೇ ತರಗತಿಯ ಮಗಳು ಸಿಂಚನ. ಶಾಲೆ ಬಿಟ್ಟ ಮೇಲೆ ಇಬ್ಬರೂ ಅಪ್ಪನ ಕೋಣೆಯಲ್ಲಿ ಕೂರುತ್ತಿದ್ದರು. ಅಜ್ಜಿಗೆ ಮೊಮ್ಮಗಳಿದ್ದಾಳೆ ಎಂಬ ಸಮಾಧಾನ ನಮಗೆ.

ಇನ್ಸುಲಿನ್ ಶುರುವಾಯಿತು. ಅನ್ನ ಬಿಡಿಸಿದೆವು, ಕಾಫಿಗೆ ಸಕ್ಕರೆ ನಿಲ್ಲಿಸಿದೆವು. ಆದರೂ ಶುಗರ್ ಇಳಿಯಲಿಲ್ಲ. ಗಾಯ ಒಣಗಲಿಲ್ಲ. ಡೋಸ್ ಏರಿಸಿದರು. ಅದಕ್ಕೂ ಜಗ್ಗಲಿಲ್ಲ.

ಒಂದು ಶನಿವಾರ ಡ್ರೆಸ್ಸಿಂಗ್‌ಗೆ ಹೋದಾಗ ಸಿಂಚನಳೂ ಬಂದಿದ್ದಳು. ಡಾಕ್ಟರ್ ರಿಪೋರ್ಟ್ ನೋಡಿ ಕೇಳಿದರು, "ಅಜ್ಜಿ, ಸಿಹಿ ತಿಂತಿದೀರಾ?"

"ನಾಲ್ಗೆಗೆ ಒಂದ್ ಚೂರು ಮುಟ್ಟಿಸ್ಕಂಡಿಲ್ಲ ಕಣಪ್ಪ. ಆ ದೇವ್ರಾಣೆಗೂ."

ಡಾಕ್ಟರ್ ನನ್ನ ಕಡೆ ತಿರುಗಿದರು. "ಹೀಗೇ ಹೋದ್ರೆ ಪಾದ ಉಳಿಯೋದು ಕಷ್ಟ."

ಸಿಂಚನ ಅಜ್ಜಿಯ ಕಾಲನ್ನೇ ನೋಡುತ್ತಿದ್ದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. "ತಾತಂಗೆ ಇಕ್ಕೋ ಪಾಯಸ ಅಜ್ಜಿನೇ ತಿಂತದೆ. ದಿನಾ."

ತೀರಿಕೊಂಡವರ ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು, ಆಮೇಲೆ ಅದನ್ನು ಚೆಲ್ಲದೆ ಮನೆಯವರೇ ತಿನ್ನುವುದು ನಮ್ಮ ಕಡೆಯ ರೂಢಿ. ಹಬ್ಬಕ್ಕೆ, ಅಮಾವಾಸ್ಯೆಗೆ ಇಡುತ್ತೇವೆ. ಅವ್ವ ನಾವಿಲ್ಲದ ಹೊತ್ತಿನಲ್ಲಿ ದಿನವೂ ಇಡುತ್ತಿದ್ದಳು. ಬೆಲ್ಲ ಹಾಕಿದ ಶ್ಯಾವಿಗೆ ಪಾಯಸ, ಅಪ್ಪ ಉಣ್ಣುತ್ತಿದ್ದ ತಟ್ಟೆಯಲ್ಲೇ. ಡಾಕ್ಟರ್ ಎದುರು ಅವಳು ಸುಳ್ಳು ಹೇಳಿರಲಿಲ್ಲ. ಅವಳ ಲೆಕ್ಕದಲ್ಲಿ ಅದು ಅಪ್ಪನ ಊಟ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ತಿರುಗಿ ಕುಳಿತಳು. "ಮನೇಲಿ ಮೊಮ್ಮಗಳ್ನ ಸಾಕ್ತಾ ಇದೀನಿ ಅಂದ್ಕಂಡಿದ್ದೆ. ಪೊಲೀಸ್ನೋರ್ನ ಸಾಕ್ಬುಟ್ಟಿದೀನಿ."

ಸಿಂಚನ ಮಾಗಡಿವರೆಗೂ ಅತ್ತಳು. ಯಾರಿಗೂ ಹೇಳುವುದಿಲ್ಲವೆಂದು ಅಜ್ಜಿಯ ತಲೆ ಮುಟ್ಟಿ ಆಣೆ ಮಾಡಿದ್ದಳಂತೆ. ಆಣೆ ಮುರಿದದ್ದಕ್ಕೆ ಅಜ್ಜಿಗೆ ಏನಾದರೂ ಆಗಿಬಿಟ್ಟರೆ ಎಂಬ ಭಯ.

ಮಾರನೆಯ ದಿನ ಭಾನುವಾರ. ಅವ್ವ ಮತ್ತೆ ಒಲೆ ಹಚ್ಚಿದಳು. ತಡೆಯಲು ಸವಿತಾ ಎದ್ದಳು. ಅಷ್ಟರಲ್ಲಿ ಸಿಂಚನ ತಾತನ ಫೋಟೋ ಎದುರು ಹೋಗಿ ಕುಳಿತಿದ್ದಳು. ಅವ್ವ ಪಾಯಸದ ಪಾತ್ರೆ ತಂದು ಅವಳ ಪಕ್ಕ ಕೂತು, ಅಪ್ಪನ ತಟ್ಟೆಗೆ ಬಡಿಸತೊಡಗಿದಳು. ನಾವು ಬಾಗಿಲಲ್ಲೇ ನಿಂತೆವು.

"ಇವತ್ತು ಎಡೆ ನಾನ್ ತಿಂತೀನಿ."

"ಏಳೇ ಆಚೆಗೆ. ನಿಮ್ ತಾತ ಒಬ್ರೇ ಕೂತು ಉಂಡೋರಲ್ಲ. ಜೊತೆಗೆ ನಾನಿರ್ಬೇಕು."

"ತಾತಂಗೂ ಶುಗರ್ ಇತ್ತಲ್ಲ? ನೀನೇ ಪಾಯಸ ಕೊಡ್ತಿರ್ಲಿಲ್ಲ."

"ಅದ್ಕೇ ಕಣೇ ಈಗ ಇಕ್ತಿರೋದು! ಬದುಕಿದ್ದಾಗ ಬಾಯಿಗೆ ಅಡ್ಡ ಹಾಕ್ಬುಟ್ಟೆ. ಸತ್ತೋರಿಗೆ ಎಂಥ ಶುಗರ್ರು?"

"ಹಂಗಾರೆ ತಾತ ತಿನ್ಲಿ. ನೀನು ಸತ್ತಿಲ್ವಲ್ಲ."

ಅವ್ವ ಸೌಟು ಕೆಳಗಿಟ್ಟಳು.

ಅಪ್ಪ ಹೋದ ಮೇಲೆ ಅವಳು ಮೊದಲ ಸಲ ನಮ್ಮೆದುರು ದನಿ ತೆಗೆದು ಅತ್ತದ್ದು ಅಂದು. ಸಿಂಚನ ಪಕ್ಕಕ್ಕೆ ಸರಿದು, ಅಜ್ಜಿಯ ಬ್ಯಾಂಡೇಜಿಗೆ ತಗಲದ ಹಾಗೆ ತೊಡೆಯ ಮೇಲೆ ತಲೆಯಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅವ್ವ ಪಾಯಸದ ತಟ್ಟೆಯನ್ನು ಮೊಮ್ಮಗಳ ಕಡೆಗೆ ತಳ್ಳಿದಳು. "ತಿನ್ನು. ಒಸಿ ನಿಧಾನುಕ್ ತಿನ್ನು. ನಿಮ್ ತಾತನಂಗೆ ಸೊರ್ ಅನ್ನಿಸ್ಬ್ಯಾಡ."

ಎಡೆ ನಿಂತಿಲ್ಲ. ದುಃಖವನ್ನು ಬಿಡಿಸುವ ಔಷಧಿ ನಮ್ಮಲ್ಲಿಲ್ಲ, ಡಾಕ್ಟರ್ ಬಳಿಯೂ ಇಲ್ಲ. ಈಗ ಅಪ್ಪನ ತಟ್ಟೆಗೆ ಬೀಳುವುದು ರಾಗಿಮುದ್ದೆ, ಸೊಪ್ಪಿನ ಸಾರು. ಅವ್ವ ಅವರ ಜೊತೆ ಕೂತು ಅದನ್ನೇ ಉಣ್ಣುತ್ತಾಳೆ. ಪಾಯಸ ಅಮಾವಾಸ್ಯೆಗೆ ಮಾತ್ರ, ಅದೂ ಸಿಂಚನಳ ಪಾಲು.

ಗಾಯದ ಅಂಚು ಒಣಗುತ್ತಿದೆ. ಪಾದ ಸದ್ಯಕ್ಕೆ ಉಳಿದಿದೆ. ಶುಗರ್ ಇನ್ನೂ ಪೂರ್ತಿ ಇಳಿದಿಲ್ಲ.

ಹೋದ ಸಲ ಡಾಕ್ಟರ್ ಮತ್ತೆ ಕೇಳಿದರು, "ಪಾಯಸ ಯಾರು ತಿಂದ್ರು ಅಜ್ಜಿ?"

ಅವ್ವ ಮೊಮ್ಮಗಳ ತೋಳು ಹಿಡಿದು ಮುಂದಕ್ಕೆ ತಂದಳು. "ಇವ್ಳೇ ಕಣಪ್ಪ. ಅನ್ಮಾನ ಇದ್ರೆ ಇವ್ಳ್ ರಕ್ತ ತಗಂಡ್ ನೋಡು."