ಅಕ್ಷರ ತೊಳೆದುಹೋದ ಮೇಲೆ ಉಳಿದ ಹೆಬ್ಬೆಟ್ಟು

ಮಸ್ಕತ್ತಿನಲ್ಲಿ ಬೆಳಗಿನ ಬಾಂಗ್ ಮುಗಿದಿದೆ. ಅಲ್ ಖೌದ್‌ನ ಬೀದಿದೀಪಗಳು ಇನ್ನೂ ಆರಿಲ್ಲ. ವಾದಿ ಕಬೀರ್‌ನಿಂದ ಬಂದ ಶೇರ್ ಟ್ಯಾಕ್ಸಿ ವಿಕ್ಟೋರಿಯಾ ಬರ್ಬೋಜ ಅವರನ್ನು ಗ್ರಂಥಾಲಯದ ಗೇಟಿನೆದುರು ಇಳಿಸಿ, ಉಳಿದವರನ್ನು ಪಾಳಿಗೆ ಮುಟ್ಟಿಸಲು ಓಡುತ್ತದೆ. ಹೊರಗೆ ಇಷ್ಟು ಹೊತ್ತಿಗೇ ಬೆವರಿಳಿಸುವ ಸೆಕೆ. ಒಳಗೆ ಕಾಲಿಟ್ಟವರು ಮೊದಲು ಮಾಡುವ ಕೆಲಸ, ಬಾಗಿಲ ಹಿಂದೆ ತೂಗಿರುವ ಉಣ್ಣೆಯ ಸ್ವೆಟರ್ ತೊಡುವುದು. ಹಳೆಯ ಕಾಗದಕ್ಕೆ ವರ್ಷವಿಡೀ ತಂಪು ಬೇಕು. ಅದನ್ನು ಕಾಯುವವರು ಮಸ್ಕತ್ತಿನ ಜೂನ್ ತಿಂಗಳಲ್ಲೂ ಚಳಿಯಲ್ಲಿ ಕೂರಬೇಕು.

ಇವತ್ತು ಮೇಜಿನ ಮೇಲಿರುವುದು ಒಂದು ಕಡಲಾಮೆಯ ಚಿತ್ರ. ಬೆನ್ನ ಚಿಪ್ಪಿನ ನಡುವೆ ಹಾಳೆ ಸೀಳಿದೆ. ವಿಕ್ಟೋರಿಯಾ ಗೋಧಿಯ ಪಿಷ್ಟದಿಂದ ತಾವೇ ಕಾಯಿಸಿದ ಅಂಟನ್ನು ಕುಂಚದ ತುದಿಯಲ್ಲಿ ತೆಗೆದುಕೊಳ್ಳುತ್ತಾರೆ. ಸೀಳಿನ ಹಿಂಬದಿಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಜಪಾನಿ ಕಾಗದ ಇಟ್ಟು ಒತ್ತುತ್ತಾರೆ. ಉಸಿರು ಬಿಗಿಹಿಡಿದಿದ್ದಾರೆ. "ಬೆಳಗ್ಗೆ ಕೈ ನಡುಗುದಿಲ್ಲ," ಎನ್ನುತ್ತಾರೆ, ಅಂಟು ಒಣಗಿದ ಮೇಲೆ. "ಮಧ್ಯಾಹ್ನ ಕಳೆದ್ರೆ ನನ್ನ ಕೈಯನ್ನು ನಾನೇ ನಂಬುದಿಲ್ಲ."

ಚಿತ್ರ ಬರೆದವನು ಎಡ್ಮಂಡ್ ಹ್ಯಾರೋಬಿ. ಬ್ರಿಟಿಷರ ಕಾಲದಲ್ಲಿ ಹಿಂದೂ ಮಹಾಸಾಗರದ ಪುಟ್ಟ ದ್ವೀಪವೊಂದರ ಆಡಳಿತಾಧಿಕಾರಿಯಾಗಿದ್ದ. ಹಕ್ಕಿ, ಆಮೆ, ಶಂಖ, ಏಡಿ ಕಂಡರೆ ಊಟ ಮರೆಯುತ್ತಿದ್ದ. ಅವನ ಮೊಮ್ಮಕ್ಕಳು ಮಾರಿದ ಕಾಗದಪತ್ರಗಳನ್ನೆಲ್ಲ ಒಮಾನಿನ ಶ್ರೀಮಂತರೊಬ್ಬರು ಕೊಂಡು ಈ ಖಾಸಗಿ ಗ್ರಂಥಾಲಯದಲ್ಲಿ ಇರಿಸಿದ್ದಾರೆ. ಹರಿದದ್ದನ್ನು ಜೋಡಿಸುವುದು, ಹುಳ ಕೊರೆದದ್ದನ್ನು ತುಂಬುವುದು ವಿಕ್ಟೋರಿಯಾ ಅವರ ಕೆಲಸ. ಕೈ ಚೆನ್ನಾಗಿ ಓಡಿದ ದಿನ ಮೂರು ಹಾಳೆ.

ಊರು ಶಿರ್ವದ ಬಳಿ. ಅಪ್ಪ ಬೇಗ ತೀರಿಕೊಂಡಾಗ ಓದು ಬಿಟ್ಟು ಮಂಗಳೂರಿನ ಪ್ರೆಸ್ಸೊಂದರಲ್ಲಿ ಬೈಂಡಿಂಗ್‌ಗೆ ಸೇರಿದರು. ತಂಗಿಯರ ಮದುವೆಯಾಯಿತು, ತಮ್ಮ ಸಿರಿಲ್ ಮನೆ ಕಟ್ಟಿದ. ಇವರ ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ವಾದಿ ಕಬೀರ್‌ನ ಮುದ್ರಣದಂಗಡಿಯ ಕೆಲಸಕ್ಕೆಂದು ಒಮಾನಿಗೆ ಬಂದವರು, ಅದು ಮುಚ್ಚಿದ ಮೇಲೆ ಇಲ್ಲಿ ಸೇರಿದರು. ಫ್ಲಾಟಿನಲ್ಲಿ ಜೊತೆಗಿರುವ ಇಬ್ಬರು ನರ್ಸ್‌ಗಳದು ರಾತ್ರಿ ಪಾಳಿ. ಇವರು ಹೊರಡುವಾಗ ಅವರು ಬಂದಿರುವುದಿಲ್ಲ, ಇವರು ಮರಳುವಾಗ ಹೋಗಿರುತ್ತಾರೆ. ಊರಿಗೆ ಫೋನ್ ಮಾಡಿದರೆ ತಮ್ಮನ ಮಗಳು ಓಲಿವಿಯಾ ಇಂಗ್ಲಿಷಿನಲ್ಲಿ ಎರಡು ಮಾತಾಡಿ ಫೋನನ್ನು ಅಪ್ಪನ ಕೈಗೆ ದಾಟಿಸುತ್ತಾಳೆ.

"ಕೆಲವು ದಿನ ಸಂಜೆವರೆಗೆ ಬಾಯಿ ಬಿಡ್ಲಿಕ್ಕೇ ಇರುದಿಲ್ಲ. ಅದಕ್ಕೆ ನಾನು ಜಪಮಾಲೆ ಹಿಡಿದು ತೇರ್ಸ ಗಟ್ಟಿಯಾಗಿ ಹೇಳುದು, ಕೊಂಕಣಿಯಲ್ಲಿ. ದೇವರಿಗೆ ಕೇಳ್ತದೋ ಇಲ್ವೋ, ನನಗಾದ್ರೂ ಕೇಳ್ಲಿ ಅಂತ."

ಹ್ಯಾರೋಬಿಯ ಕಟ್ಟುಗಳಲ್ಲಿ ಚಿತ್ರಗಳಷ್ಟೇ ಇರಲಿಲ್ಲ. ದ್ವೀಪದ ಜನ ಅವನಿಗೆ ಕೊಟ್ಟ ಅರ್ಜಿಗಳೂ ಇದ್ದವು. ಕಡಲಹಕ್ಕಿಗಳು ಉಳಿಯಲೆಂದು ಅವನು ಮೊಟ್ಟೆ ಆರಿಸುವುದನ್ನು ನಿಷೇಧಿಸಿದ್ದ. ಮಳೆಗಾಲದಲ್ಲಿ ದೋಣಿ ಇಳಿಯದಿದ್ದಾಗ ಆ ಜನ ತಿನ್ನುತ್ತಿದ್ದುದೇ ಅದನ್ನು. ಮೊಟ್ಟೆ ಕದ್ದ ಗಂಡನನ್ನು ಲಾಕಪ್ಪಿನಿಂದ ಬಿಡಿ ಎಂದು ಒಬ್ಬಳು ಬೇಡಿಕೊಂಡಿದ್ದಳು. ಯಾರೋ ಗುಮಾಸ್ತ ನೇರಳೆ ಶಾಯಿಯಲ್ಲಿ ಬರೆದುಕೊಟ್ಟ ಇಂಗ್ಲಿಷು, ಕೆಳಗೆ ಕಪ್ಪು ಹೆಬ್ಬೆಟ್ಟು. ಅಂಥ ನಾಲ್ಕಾರು ಹಾಳೆಗಳನ್ನು ವಿಕ್ಟೋರಿಯಾ ಸರಿಪಡಿಸಿದ್ದರು. ಅವೂ, ಸರದಿ ಕಾಯುತ್ತಿದ್ದ ಉಳಿದವೂ ಕೆಳಗಿನ ಕಪಾಟಿನಲ್ಲೇ ಇದ್ದವು.

ಹೋದ ವರ್ಷದ ಏಪ್ರಿಲ್‌ನಲ್ಲಿ ಮಳೆ ಬಂತು. ಇಲ್ಲಿನ ಮಳೆ ಬಂದರೆ ಒಂದೇ ಏಟಿಗೆ. ಮಳೆಯಿಂದಾಗಿ ರಜೆ ಎಂಬ ಸುದ್ದಿ ಬರುವ ಹೊತ್ತಿಗೆ ವಿಕ್ಟೋರಿಯಾ ಗ್ರಂಥಾಲಯದ ಒಳಗಿದ್ದರು, ಬೇರೆ ಯಾರೂ ಬರಲಿಲ್ಲ. ವಾದಿ ಎಂದು ಕರೆಯುವ ಪಕ್ಕದ ಬತ್ತಿದ ಹಳ್ಳ ಕೆಂಪಗೆ ಉಕ್ಕಿ ಬಾಗಿಲ ಸಂದಿಯಿಂದ ನುಗ್ಗಿತು; ಕರೆಂಟು ಹೋಯಿತು. ಮೇಲಧಿಕಾರಿ ಸಾಗರ್ ರಜೆಯಲ್ಲಿ ಬೆಳಗಾವಿಯಲ್ಲಿದ್ದರು. ಅಲ್ಲಿಂದಲೇ ಫೋನಿನಲ್ಲಿ ಹೇಳಿದರು: "ಮೊದ್ಲ ಚಿತ್ರ ಮ್ಯಾಲ ಒಯ್ರಿ ವಿಕ್ಟೋರಿಯಾ ಅವ್ರ. ಉಳಿದದ್ದು ಆಮ್ಯಾಲ ನೋಡೂಣಂತ."

ಅವರು ಚಿತ್ರಗಳ ಪೆಟ್ಟಿಗೆಗಳನ್ನು ಒಂದೊಂದಾಗಿ ಮಹಡಿಗೆ ಹೊತ್ತರು. ಕೊನೆಯದನ್ನು ಇಟ್ಟು ಇಳಿದಾಗ ನೀರು ಮಂಡಿ ದಾಟಿತ್ತು, ಅರ್ಜಿಗಳ ಕಪಾಟು ಮುಳುಗಿತ್ತು. ಕತ್ತಲಲ್ಲಿ ತಡಕಿ ಕಟ್ಟುಗಳನ್ನು ಎತ್ತಿದರು. "ಒದ್ದೆ ಬಟ್ಟೆ ಎತ್ತಿದ ಹಾಗೆ ಬಂತು. ಕೈ ಇದ್ದದ್ದು ಎರಡೇ ಅಲ್ವಾ ಮಾರಾಯ್ರೆ. ಹಕ್ಕಿಗಳು ಮೇಲೆ ಹೋದುವು."

ನೆನೆದ ಕಾಗದ ಸೆಕೆಯಲ್ಲಿ ಎರಡು ದಿನಕ್ಕೇ ಬೂಷ್ಟು ಹಿಡಿಯುತ್ತದೆ. ಹಾಗೇ ಹೆಪ್ಪುಗಟ್ಟಿಸಿಟ್ಟರೆ ಆಮೇಲೆ ನಿಧಾನವಾಗಿ ಒಣಗಿಸಬಹುದು ಎಂದರು ಸಾಗರ್. ಆದರೆ ಎಲ್ಲಿ? ವಿಕ್ಟೋರಿಯಾಗೆ ನೆನಪಾದದ್ದು ಸೀಬ್ ಮಾರುಕಟ್ಟೆಯ ಮೀನಿನ ಕೋಲ್ಡ್ ಸ್ಟೋರೇಜ್. ಅದನ್ನು ನೋಡಿಕೊಳ್ಳುವ ಉಳ್ಳಾಲದ ಶರ್ಫುದ್ದೀನ್ ಅವರಿಂದಲೇ ಇವರು ಶುಕ್ರವಾರ ಬಂಗುಡೆ ಕೊಳ್ಳುವುದು. ನೀರಿಳಿದ ಮರುದಿನ ಅವರು ಪಿಕಪ್ ತಂದರು.

"ಇದ್ರಲ್ಲಿ ಎಂತ ಉಂಟು ಬಾಯಮ್ಮ?"

"ಅರ್ಜಿಗಳು. ಸತ್ತುಹೋದವರದ್ದು."

"ಸತ್ತವರಿಗೆ ಎಂತ ಅರ್ಜೆಂಟು?"

"ಅವರಿಗಲ್ಲ, ಬೂಷ್ಟಿಗೆ ಅರ್ಜೆಂಟು."

ಶರ್ಫುದ್ದೀನ್ ನಕ್ಕರು. ಆಮೇಲೆ ಕಟ್ಟುಗಳನ್ನೂ ಇವರ ಮುಖವನ್ನೂ ನೋಡಿ, ಕಟ್ಟುಗಳನ್ನು ಪಿಕಪ್ಪಿಗೆ ಏರಿಸಿದರು. "ಕಫೀಲ್ ಕಂಡ್ರೆ ನನ್ನನ್ನು ಬಿಡುದಿಲ್ಲ," ಎಂದು ತಮ್ಮ ಮಾಲೀಕನನ್ನು ನೆನೆದು ಗೊಣಗುತ್ತಲೇ, ಕೋಲ್ಡ್ ಸ್ಟೋರೇಜಿನಲ್ಲಿ ಅಂಜಲ್ ಮೀನಿನ ಪೆಟ್ಟಿಗೆಗಳನ್ನು ಅತ್ತ ಸರಿಸಿ ಜಾಗ ಮಾಡಿದರು. "ಖಲಾಸ್, ಆಯ್ತು, ಇಡಿ."

ಒಂದೊಂದೇ ಕಟ್ಟು ಮರಳಿ ತಂದು, ಬ್ಲಾಟಿಂಗ್ ಪೇಪರ್ ನಡುವೆ ಒಣಗಿಸಿ ಮುಗಿಸುವಷ್ಟರಲ್ಲಿ ಚಳಿಗಾಲ ಬಂತು. ಕಾಗದ ಗಟ್ಟಿಯಾಗಿ ಉಳಿದಿತ್ತು. ಶಾಯಿ ಉಳಿದಿರಲಿಲ್ಲ. ಹಾಳೆ ತುಂಬ ನೇರಳೆ ಹಣ್ಣಿನ ಕಲೆಯಂಥ ಬಣ್ಣ, ಒಂದಕ್ಷರವೂ ಇಲ್ಲ. ಅಚ್ಚುಮಸಿಯಲ್ಲಿ ಒತ್ತಿದ್ದ ಹೆಬ್ಬೆಟ್ಟುಗಳು ಮಾತ್ರ ಗೆರೆಗೆರೆಯಾಗಿ ಹಾಗೇ ಇದ್ದವು. ಚಿತ್ರಗಳ ಸ್ಕ್ಯಾನಿಂಗ್ ಮೊದಲು ನಡೆದಿದ್ದರಿಂದ ಅರ್ಜಿಗಳ ನಕಲು ಎಲ್ಲೂ ಇರಲಿಲ್ಲ.

ಸಾಗರ್ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. "ಓದಾಕ ಏನೂ ಉಳಿದಿಲ್ಲಲ್ರಿ," ಎಂದರು ಮೆಲ್ಲಗೆ. "ಪಟ್ಟಿಯೊಳಗ ಏನಂತ ಬರೀಲಿ?"

ದಿನದ ಪಾಲಿನ ಹಾಳೆಗಳು ಮುಗಿದ ಮೇಲೆ, ಸಂಜೆಯ ಟ್ಯಾಕ್ಸಿ ಬರುವವರೆಗೆ, ವಿಕ್ಟೋರಿಯಾ ಆ ಅಕ್ಷರವಿಲ್ಲದ ಹಾಳೆಗಳನ್ನು ಜೋಡಿಸತೊಡಗಿದರು. ಆಮೆಗೆ ಹಾಕುವ ಅದೇ ಅಂಟು, ಅದೇ ಕಾಗದ. ಯಾವ ಹೆಬ್ಬೆಟ್ಟು ಯಾರದೆಂದು ಅವರಿಗೂ ಗೊತ್ತಿಲ್ಲ. ಒಂದು ತೀರಾ ಸಣ್ಣದು, ಹೆಂಗಸಿನದಿರಬೇಕು ಎನ್ನುತ್ತಾರೆ. ಇನ್ನೊಂದರಲ್ಲಿ ಬೆರಳಿಗೆ ಅಡ್ಡಲಾಗಿ ಗಾಯದ ಗೆರೆಯಿದೆ. ಬಲೆಯ ಹಗ್ಗ ಕೊಯ್ದದ್ದೋ ಏನೋ.

ಹೋದ ತಿಂಗಳು ಸಾಗರ್ ತಾವಾಗಿಯೇ ಬಂದು ಖಾಲಿ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟರು. ಅದರ ಚೀಟಿಯಲ್ಲಿ ಹೀಗೆ ಬರೆದಿತ್ತು: ದ್ವೀಪದ ಜನರ ಅರ್ಜಿಗಳು, ಬರಹ ನಷ್ಟವಾಗಿದೆ, ಹೆಬ್ಬೆಟ್ಟಿನ ಗುರುತುಗಳಿವೆ. ಪೆಟ್ಟಿಗೆಗೊಂದು ನಂಬರೂ ಇತ್ತು. ಆ ಹಾಳೆಗಳನ್ನು ತುಂಬಿಕೊಂಡು ಅದೀಗ ಮಹಡಿಯ ಮೇಲೆ, ಹಕ್ಕಿಗಳ ಸಾಲಿನಲ್ಲೇ ಇದೆ.

ನೋಡಲು ಯಾರಾದರೂ ಬಂದರೇ?

"ಇಷ್ಟರವರೆಗೆ ಯಾರೂ ಬರ್ಲಿಲ್ಲ," ಎನ್ನುತ್ತಾರೆ ವಿಕ್ಟೋರಿಯಾ, ಸ್ವೆಟರಿನ ತೋಳು ಕೆಳಗೆಳೆದುಕೊಳ್ಳುತ್ತಾ. "ಆ ದ್ವೀಪದವರ ಮೊಮ್ಮಕ್ಕಳೋ ಮರಿಮಕ್ಕಳೋ ಎಲ್ಲಿಯಾದ್ರೂ ಇರ್ಬೇಕಲ್ಲ. ನನ್ನ ವೀಸಾ ಮುಗಿಯುದ್ರೊಳಗೆ ಒಬ್ರಾದ್ರೂ ಬಂದ್ರೆ, ನಾನೇ ತೆಗೆದು ತೋರಿಸ್ತಿದ್ದೆ."